ಎಲ್ಲವೂ ಇರುವ ಬೇಟೆಗಾರನಿಗೆ ಏನು ಕೊಡೋಣ?

ಕೆರಾಡಿಯಲ್ಲಿರುವ ನನ್ನ ಸೋದರಮಾವನಿಗೆ 2025ರಲ್ಲಿ ಎಂಬತ್ತು ತುಂಬಿತು. ಬೆಂಗಳೂರಿನಲ್ಲಿ ಹೋಟೆಲು ನಡೆಸುವ ಮಕ್ಕಳು, ಮುಂಬಯಿಯಲ್ಲಿರುವ ಮಗಳು, ನಾವು ನಾಲ್ಕೈದು ಮಂದಿ ಸೋದರಳಿಯಂದಿರು ಸೇರಿ ಊರಿನ ಮನೆಯಲ್ಲಿ ಒಂದು ಊಟ ಇಟ್ಟುಕೊಳ್ಳೋಣ, ಎಲ್ಲರೂ ಕೂಡಿ ಮುದುಕನಿಗೆ ಒಳ್ಳೆಯ ಉಡುಗೊರೆಯೊಂದನ್ನು ಕೊಡೋಣ ಎಂದು ತೀರ್ಮಾನಿಸಿದೆವು. ಏನು ಕೊಡಬೇಕೆಂದು ಗೊತ್ತುಮಾಡುವ ಹೊಣೆ ನನ್ನ ಮೇಲೆ ಬಿತ್ತು. ಲೇಖನ ಬರೆಯುವವನಿಗೆ ಇಂಥದ್ದೆಲ್ಲ ತಿಳಿದಿರುತ್ತದೆ ಎಂಬುದು ನಮ್ಮ ಕುಟುಂಬದಲ್ಲಿರುವ ಹಳೆಯ ತಪ್ಪುಕಲ್ಪನೆ.

ಮಾವ ಒಂದು ಕಾಲದ ಬೇಟೆಗಾರ. ಅವರ ತಂದೆಯೂ ಬೇಟೆಗಾರರೇ. ತಂದೆಯ ಕೇಪಿನ ಕೋವಿಯ ನಂತರ ಮನೆಗೆ ತೋಟಾ ಕೋವಿ ಬಂತು. ಬೆಳೆರಕ್ಷಣೆಯ ಪರವಾನಗಿಯೊಡನೆ ಇಂದಿಗೂ ಅದು ಮನೆಯಲ್ಲಿದೆ. ಊರಿನ ಆಚಾರಿ ಬಡಿದುಕೊಟ್ಟ ಕತ್ತಿಗೆ ಸಮನಾದದ್ದು ಯಾವ ವಿದೇಶಿ ಚಾಕುವಿನಂಗಡಿಯಲ್ಲೂ ಸಿಗದು. ಹಣೆಗೆ ಕಟ್ಟಿಕೊಳ್ಳುವ ಟಾರ್ಚನ್ನು ಹಿರಿಯ ಮಗ ತಂದುಕೊಟ್ಟಿದ್ದಾನೆ, ದುರ್ಬೀನನ್ನು ಅಳಿಯ. ಮಳೆಗಾಲದ ಜಿಗಣೆಗೆಂದು ನಾನೇ ಒಮ್ಮೆ ಕೊಂಡೊಯ್ದ ಉದ್ದದ ಬೂಟುಗಳು ಜಗಲಿಯ ಮೂಲೆಯಲ್ಲಿ ಹೊಸದಾಗಿಯೇ ನಿಂತಿವೆ. ಮಾವ ಬರಿಗಾಲಿಗೆ ಸುಣ್ಣ ಹೊಗೆಸೊಪ್ಪು ತಿಕ್ಕಿಕೊಂಡೇ ನಡೆಯುತ್ತಾರೆ. ಪುಸ್ತಕ ಕೊಡೋಣವೆಂದರೆ, ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನನ ಕಾಡಿನ ಕಥೆಗಳೂ ಕೆದಂಬಾಡಿ ಜತ್ತಪ್ಪ ರೈಗಳ ‘ಬೇಟೆಯ ನೆನಪುಗಳು’ ಕೃತಿಯೂ ಎಷ್ಟೋ ವರ್ಷಗಳಿಂದ ಅವರ ತಲೆದಿಂಬಿನ ಪಕ್ಕದಲ್ಲಿವೆ.

ದೂರವಾಣಿಯಲ್ಲಿ ನೇರವಾಗಿ ಕೇಳಿಯೇ ಬಿಟ್ಟೆ. “ನಂಗೆಂತಕ್ಕ್ ಮಾಣಿ ಅದೆಲ್ಲ? ನಂಗ್ ಎಲ್ಲಾ ಇತ್ತ್” ಎಂದರು. ಐವತ್ತು ದಾಟಿದ ನಾನು ಅವರಿಗೆ ಈಗಲೂ ಮಾಣಿಯೇ.

ಎಲ್ಲವೂ ಇದೆ ಎಂಬ ಮಾತು ನಿಜವೇ? ಬೇಟೆಗಾರನಿಗೆ ಬೇಕಾದ ಎಲ್ಲ ಸಲಕರಣೆಗಳೂ ಇವೆ. ಇಲ್ಲದಿರುವುದು ಬೇಟೆ ಮಾತ್ರ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗ ಮಾವನಿಗೆ ಇಪ್ಪತ್ತೇಳು ವರ್ಷ. ಪರವಾನಗಿ ಪಡೆದು ಕೆಲವು ಪ್ರಾಣಿಗಳನ್ನು ಬೇಟೆಯಾಡಲು ಆ ಕಾಯ್ದೆಯಲ್ಲಿದ್ದ ಅವಕಾಶವನ್ನು 1991ರ ತಿದ್ದುಪಡಿ ತೆಗೆದುಹಾಕಿತು. ಆಗ ಅವರಿಗೆ ನಲವತ್ತಾರು. ಕೊಲ್ಲೂರಿನ ಸುತ್ತಣ ಕಾಡು 1974ರಲ್ಲೇ ಮೂಕಾಂಬಿಕಾ ವನ್ಯಜೀವಿಧಾಮವಾಗಿತ್ತು. ಹೆಮ್ಮಾಡಿ, ವಂಡ್ಸೆ ದಾಟಿ ಘಟ್ಟದ ಬುಡಕ್ಕೆ ಬಂದರೆ ಸಿಗುವ ಈ ಊರುಗಳಲ್ಲಿ ಹಾಡಿ ಎಲ್ಲಿ ಮುಗಿಯುತ್ತದೆ, ಕಾಡು ಎಲ್ಲಿ ಮೊದಲಾಗುತ್ತದೆ ಎಂಬುದು ನಕ್ಷೆಗೆ ತಿಳಿದಷ್ಟು ಸುಲಭವಾಗಿ ಕಾಲಿಗೆ ತಿಳಿಯುವುದಿಲ್ಲ. ಕಾಯ್ದೆ ಬಂದ ಮರುದಿನವೇ ಎಲ್ಲ ಕೋವಿಗಳೂ ಮೌನವಾದವು ಎಂದು ನಾನು ಪ್ರಮಾಣ ಮಾಡಲಾರೆ. ಆದರೆ ಮೌನವಾದದ್ದಂತೂ ನಿಜ, ಆಗಬೇಕಾದದ್ದೂ ನ್ಯಾಯ. ಬೇಟೆಯ ಸೊಗಸನ್ನು ಬಣ್ಣಿಸುವ ನಮ್ಮ ಹಿರಿಯರೇ, ಕಾಡಿನಲ್ಲಿ ಮೊದಲು ಕಾಣುತ್ತಿದ್ದಷ್ಟು ಕಡವೆ ಆಮೇಲೆ ಕಾಣಲಿಲ್ಲ ಎಂದು ಅದೇ ಉಸಿರಿನಲ್ಲಿ ಹೇಳುತ್ತಿದ್ದರು.

ಹೀಗಾಗಿ ಬೇಟೆಗಾರನಿಗೆ ಉಡುಗೊರೆ ಎಂಬ ಮಾತೇ ನಮ್ಮ ಕಾಲದಲ್ಲಿ ಕಾನೂನಿನ ಹಗ್ಗದ ಮೇಲೆ ನಡೆಯಬೇಕಾದ ಮಾತು. ಕೋವಿಯನ್ನು ಉಡುಗೊರೆಯಾಗಿ ಕೊಡುವಂತಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಅದು ಕೈಯಿಂದ ಕೈಗೆ ಹೋಗಲಾರದು. ಇರುವ ಕೋವಿಯೂ ಪ್ರತಿ ಚುನಾವಣೆಗೆ ಠಾಣೆಯ ದಾರಿ ಹಿಡಿಯುತ್ತದೆ. ಕರಾವಳಿಯ ಕೃಷಿಕರು ಮತ್ತೆ ಮತ್ತೆ ಗೊಣಗುವ ವಿಷಯ ಇದು: ಮತದಾನಕ್ಕೂ ಮಂಗನಿಗೂ ಏನು ಸಂಬಂಧ, ಕೋವಿ ಠಾಣೆಯಲ್ಲಿರುವ ವಾರಗಳಲ್ಲಿ ತೋಟವನ್ನು ಕಾಯುವವರು ಯಾರು ಎಂಬುದು ಅವರ ಪ್ರಶ್ನೆ. ಇನ್ನು ಹಿಂದಿನ ಕಾಲದವರು ಬೇಟೆಗಾರರಿಗೆ ಪ್ರೀತಿಯಿಂದ ಕೊಡುತ್ತಿದ್ದ ಕೊಂಬು, ತೊಗಲು, ಉಗುರುಗಳ ಮಾತು. ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಕಾರ್ಯಾಗಾರದಲ್ಲಿ ತೊಗಲಿಗೆ ಮತ್ತೆ ಹುಲಿಯ ಆಕಾರ ಬರುತ್ತಿತ್ತು; ಅಲ್ಲಿಂದ ಹೊರಟ ಹುಲಿ ಚಿರತೆಗಳು ಅರಮನೆಗಳ, ಬಂಗಲೆಗಳ ಗೋಡೆಗಳಲ್ಲಿ ಕುಳಿತವು. ಕಳೆದ ಶತಮಾನ ಮುಗಿಯುವ ಹೊತ್ತಿಗೆ ಆ ಕಾರ್ಯಾಗಾರವೂ ಮುಚ್ಚಿತು. 2023ರ ಅಕ್ಟೋಬರ್‌ನಲ್ಲಿ ಹುಲಿಯುಗುರಿನ ಪದಕ ಧರಿಸಿದವರ ಪ್ರಕರಣಗಳು ರಾಜ್ಯದಲ್ಲೆಲ್ಲ ಗದ್ದಲವೆಬ್ಬಿಸಿದಾಗ, ಅಜ್ಜನ ಪೆಟ್ಟಿಗೆಯಲ್ಲಿ ಏನೇನಿದೆಯೋ ಎಂದು ಎಷ್ಟು ಮನೆಗಳವರು ರಾತ್ರಿ ನಿದ್ದೆಗೆಟ್ಟರೋ!

ಅಂಗಡಿಗಳಲ್ಲಿ ಉತ್ತರ ಸಿಗದೆ ನಾನು ಇತಿಹಾಸದ ಕಡೆಗೆ ತಿರುಗಿದೆ. ಬೇಟೆಗಾರನಿಗೆ ಕೊಟ್ಟ ಉಡುಗೊರೆಗಳಲ್ಲಿ ಎರಡು ನನಗೆ ನೆನಪಾದವು.

ಒಂದು, ಜಿಮ್ ಕಾರ್ಬೆಟ್‌ಗೆ ದೊರೆತದ್ದು. ನೂರಾರು ಜನರನ್ನು ಕೊಂದಿದ್ದ ಚಂಪಾವತದ ನರಭಕ್ಷಕ ಹುಲಿಯನ್ನು ಆತ 1907ರಲ್ಲಿ ಕೊಂದಾಗ, ಸಂಯುಕ್ತ ಪ್ರಾಂತದ ಲೆಫ್ಟಿನೆಂಟ್ ಗವರ್ನರ್ ಆಗಿದ್ದ ಸರ್ ಜಾನ್ ಹೆವೆಟ್ ಮೆಚ್ಚುಗೆಯ ಗುರುತಾಗಿ ರಿಗ್ಬಿ ಕಂಪನಿಯ ರೈಫಲೊಂದನ್ನು ಕೊಟ್ಟರು. ಕೋವಿ ಇದ್ದವನಿಗೆ ಇನ್ನೊಂದು ಕೋವಿ. ಅಧಿಕಾರದಲ್ಲಿರುವವರಿಗೆ ಹೊಳೆಯುವ ಉಡುಗೊರೆ ಸಾಮಾನ್ಯವಾಗಿ ಇದೇ: ಯಾವುದರಿಂದ ಹೆಸರಾದನೋ ಅದನ್ನೇ ಮತ್ತಷ್ಟು ಕೊಡುವುದು. ಅದೇ ಕಾರ್ಬೆಟ್ ಮುಂದೆ ಕೋವಿಗಿಂತ ಹೆಚ್ಚಾಗಿ ಸಿನಿಮಾ ಕ್ಯಾಮೆರಾ ಹಿಡಿದು ಹುಲಿಗಳ ಹಿಂದೆ ಅಲೆದ. 1936ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಉದ್ಯಾನಕ್ಕೆ ಆತನ ಮರಣಾನಂತರ ಆತನ ಹೆಸರನ್ನೇ ಇಡಲಾಯಿತು. ಬೇಟೆಗಾರನೊಬ್ಬನ ಹೆಸರು ಬೇಟೆ ಇಲ್ಲದ ಕಾಡಿಗೆ ಸಂದಿತು. ಅದನ್ನು ನೋಡಲು ಮಾತ್ರ ಆತ ಇರಲಿಲ್ಲ.

ಇನ್ನೊಂದು, ನಮ್ಮದೇ ನಾಡಿನ ಕಥೆ. ಕಥೆಯಲ್ಲ, ಕಲ್ಲಿನಲ್ಲಿ ಬರೆದದ್ದು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಶಾಸನಕ್ಕೆ ಶಕವರ್ಷ 872ರ, ಅಂದರೆ ಕ್ರಿಸ್ತಶಕ 949-50ರ ಕಾಲ. ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಆತನ ಪರವಾಗಿ ಗಂಗರ ಇಮ್ಮಡಿ ಬೂತುಗನೂ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ್ದರು. ಚೋಳ ರಾಜಾದಿತ್ಯ ಅಲ್ಲಿ ಮಡಿದ. ಗೆದ್ದ ಸಂತೋಷದಲ್ಲಿ ಕೃಷ್ಣ ಬೂತುಗನಿಗೆ ಬನವಾಸಿ ಹನ್ನೆರಡು ಸಾವಿರ, ಬೆಳ್ವೊಲ ಮುನ್ನೂರು ಮೊದಲಾದ ಪ್ರಾಂತಗಳನ್ನೇ ಕೊಟ್ಟ. ಆ ಯುದ್ಧದಲ್ಲಿ ಮೆರೆದ ಮಣಲೆರ ಎಂಬ ವೀರನಿಗೂ ಭೂಮಿ ಸಂದಿತು. ಇಷ್ಟೆಲ್ಲ ಆದಮೇಲೆ ಮೆಚ್ಚಿದ ಒಡೆಯ ಆತನಿಗೆ ಬೇಕಾದುದನ್ನು ಬೇಡಿಕೊಳ್ಳಲು ಹೇಳಿದ. ಮಣಲೆರ ಬೇಡಿದ್ದು ಒಂದು ನಾಯಿಯನ್ನು. ಅದರ ಹೆಸರು ಕಾಳಿ.

ಆ ನಾಯಿಯನ್ನು ಮುಂದೆ ಬೆಟ್ಟವೊಂದರಲ್ಲಿ ಹಿರಿಯ ಹಂದಿಯೊಂದರ ಮೇಲೆ ಬಿಟ್ಟರು. ನಾಯಿಯೂ ಹಂದಿಯೂ ಕಾದಾಡಿ ಎರಡೂ ಒಟ್ಟಿಗೆ ಸತ್ತವು. ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಆ ನಾಯಿಗಾಗಿ ಕಲ್ಲು ನೆಡಲಾಯಿತು, ಅದರ ಪೂಜೆಗಾಗಿ ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ ಗದ್ದೆ ಬಿಡಲಾಯಿತು. ಆ ಗದ್ದೆಯನ್ನು ನೋಡಿಕೊಳ್ಳುವ ಗೊರವನು ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೆ ಎಂದು ಶಾಸನ ಎಚ್ಚರಿಸುತ್ತದೆ. ಸಾಮ್ರಾಜ್ಯಗಳ ಗೆಲುವು ಸೋಲುಗಳನ್ನು ಹೇಳುವ ಈ ಕಲ್ಲಿನ ಮೇಲೆ ಕೆತ್ತಿರುವ ಚಿತ್ರ ರಾಜನದಲ್ಲ. ಹಂದಿಯ ಮೇಲೆ ಬಿದ್ದ ನಾಯಿಯದು. ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿದೆ.

ಈ ಎರಡು ಉಡುಗೊರೆಗಳ ನಡುವೆ ಎಷ್ಟು ಅಂತರ! ಕಾರ್ಬೆಟ್‌ಗೆ ಕೊಡುವವರು ತಾವೇ ಆರಿಸಿದರು. ಮಣಲೆರನಿಗೆ ಬೇಡಿಕೋ ಎಂದರು. ನೆಲವಿದ್ದವನಿಗೆ ನೆಲದ ಆಸೆ ತೀರಿರುತ್ತದೆ. ಆದರೆ ಅವನ ಆಸೆ ಯಾವುದು ಎಂಬುದು ಕೇಳದ ಹೊರತು ಯಾವ ಒಡೆಯನಿಗೂ ತಿಳಿಯುವುದಿಲ್ಲ. ಕೇಳಿದರೆ ಬರುವ ಉತ್ತರ ಒಂದು ನಾಯಿಯಷ್ಟು ಚಿಕ್ಕದಾಗಿರಬಹುದು. ಕೇಳಿದವನು ಕೊಡಲು ಸಿದ್ಧನಿರಬೇಕು, ಅಷ್ಟೆ.

ಹಾಗಾದರೆ ನಾಯಿಯನ್ನೇ ಕೊಟ್ಟರೆ ಹೇಗೆ ಎಂದು ಯೋಚಿಸದಿರಲಿಲ್ಲ. ಮಾವನ ಕೊನೆಯ ನಾಯಿ ಹೋಗಿ ಹತ್ತು ವರ್ಷಗಳಾಗಿವೆ. ಅದಾದ ಮೇಲೆ ಅವರು ಬೇರೆ ನಾಯಿ ಸಾಕಲಿಲ್ಲ. ತನಗಿಂತ ಹೆಚ್ಚು ಬದುಕುವ ಪ್ರಾಣಿಯನ್ನು ಈ ವಯಸ್ಸಿನಲ್ಲಿ ಸಾಕಬಾರದು ಎಂದು ಅತ್ತೆಯ ಹತ್ತಿರ ಹೇಳಿದ್ದರಂತೆ.

ಕಡೆಗೆ ಬರಿಗೈಯಲ್ಲೇ ಹೋದೆ. ಊಟದ ದಿನಕ್ಕಿಂತ ಎರಡು ದಿನ ಮುಂಚಿತವಾಗಿ ಹೋಗಿ, ಸಂಜೆ ಜಗಲಿಯಲ್ಲಿ ಕುಳಿತು, ಆತಕೂರಿನ ಕಥೆಯನ್ನು ಅವರಿಗೆ ಹೇಳಿದೆ. ಮಾವ ಎಲೆಯಡಿಕೆ ಹಾಕುವುದನ್ನು ನಿಲ್ಲಿಸಿ ಕೇಳಿದರು. ರಾಜರ ಹೆಸರುಗಳು ಬಂದಾಗ ಅವರ ಮುಖದಲ್ಲಿ ಯಾವ ಬದಲಾವಣೆಯೂ ಆಗಲಿಲ್ಲ. ನಾಯಿ ಹಂದಿಯ ಮೇಲೆ ಬಿದ್ದದ್ದು ಹೇಗೆ, ಕಿವಿಗೆ ಹಿಡಿಯಿತೋ ತೊಡೆಗೋ ಎಂದು ಕೇಳಿದರು. ಶಾಸನ ಅದನ್ನು ಹೇಳುವುದಿಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾಯಿಗ್ ಕಲ್ಲ್ ಹಾಕ್ರ್, ಸರಿ. ಹಂದಿಗೆಂತ ಮಾಡ್ರ್?” ಎಂದರು.

ಆ ಶಾಸನದ ಬಗ್ಗೆ ಹಲವು ವರ್ಷಗಳಿಂದ ಓದಿದ್ದ ನನಗೆ ಈ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ಹಂದಿಯೂ ಅದೇ ಕಲ್ಲಿನಲ್ಲಿದೆ, ನಾಯಿಯಷ್ಟೇ ಸ್ಪಷ್ಟವಾಗಿ ಕೆತ್ತಿದ್ದಾರೆ ಎಂದೆ. “ಹಾಂಗಾರೆ ಅಡ್ಡಿಲ್ಲ” ಎಂದು ಮತ್ತೆ ಎಲೆಗೆ ಸುಣ್ಣ ಹಚ್ಚತೊಡಗಿದರು.

ಹಂದಿಯ ಬಗೆಗಿನ ಈ ಮರ್ಯಾದೆ ಕರಾವಳಿಯವರಿಗೆ ವಿವರಿಸಬೇಕಾದದ್ದಲ್ಲ. ಪೈರನ್ನು ನಾಶಮಾಡುವ ಹಂದಿಯನ್ನೇ ಪಂಜುರ್ಲಿಯೆಂಬ ದೈವವಾಗಿ ನಂಬಿ, ಪೈರನ್ನು ಕಾಪಾಡೆಂದು ಅದಕ್ಕೇ ಕೈಮುಗಿದ ನಾಡು ಇದು. 2022ರಲ್ಲಿ ತೆರೆಕಂಡ ‘ಕಾಂತಾರ’ ಈ ನಂಬಿಕೆಯನ್ನು ದೇಶಕ್ಕೆಲ್ಲ ಪರಿಚಯಿಸಿತು. ಅದರ ನಿರ್ದೇಶಕ ಮತ್ತು ನಾಯಕ ನಟ ರಿಷಬ್ ಶೆಟ್ಟಿ ಇದೇ ಕೆರಾಡಿಯವರು. ಚಿತ್ರೀಕರಣ ನಡೆದದ್ದೂ ಇಲ್ಲೇ. ಮೂಡುಗಲ್ಲಿನ ಕೇಶವನಾಥೇಶ್ವರ ಗುಹಾದೇವಾಲಯವನ್ನು ಬಿಟ್ಟರೆ ಹೊರಗಿನವರಿಗೆ ಹೇಳಲು ಬೇರೆ ಗುರುತಿಲ್ಲದಿದ್ದ ಊರಿಗೆ ಒಮ್ಮೆಲೇ ಹೆಸರು ಬಂತು. ಆ ಚಿತ್ರದ ಮೊದಲ ಘಟನೆಯೇ ಒಂದು ಕೊಡುಕೊಳೆಯದು ಎಂಬುದನ್ನು ಓದುಗರು ನೆನಪಿಸಿಕೊಳ್ಳಬಹುದು. ಎಲ್ಲವೂ ಇದ್ದು ನೆಮ್ಮದಿಯೊಂದಿಲ್ಲದ ರಾಜ, ಕಾಡಿನ ದೈವದ ಕಲ್ಲನ್ನು ಪಡೆದು ಪ್ರತಿಯಾಗಿ ಊರವರಿಗೆ ಭೂಮಿ ಬಿಟ್ಟುಕೊಡುತ್ತಾನೆ. ಆತನಿಗೂ ಬೇಕಾದದ್ದು ಅಂಗಡಿಯಲ್ಲಿ ಇರಲಿಲ್ಲ.

ತೆರೆಯ ಮೇಲೆ ಕೈಮುಗಿದ ನಾವು ಗದ್ದೆಯ ಹಂದಿಯ ವಿಷಯದಲ್ಲಿ ಏನು ಮಾಡುತ್ತಿದ್ದೇವೆ? 2022ರ ತಿದ್ದುಪಡಿಯ ನಂತರ ಕಾಡುಹಂದಿ ವನ್ಯಜೀವಿ ಕಾಯ್ದೆಯ ಎರಡನೆಯ ಪರಿಚ್ಛೇದದಲ್ಲಿದೆ. ನೆರೆಯ ಕೇರಳ ಅದೇ ವರ್ಷ, ಬೆಳೆಗೂ ಜೀವಕ್ಕೂ ಅಪಾಯವೊಡ್ಡುವ ಹಂದಿಗಳನ್ನು ಪರವಾನಗಿಯುಳ್ಳವರಿಂದ ಕೊಲ್ಲಿಸಲು ಅನುಮತಿ ನೀಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ಕೊಟ್ಟಿತು. ನಮ್ಮಲ್ಲಿ ಬೆಳೆ ಹಾನಿಗೆ ಸರ್ಕಾರ ಪರಿಹಾರ ಕೊಡುತ್ತದೆ. ಅರ್ಜಿ, ಫೋಟೊ, ಪಹಣಿಗಳ ದಾರಿ ನಡೆದು ಅದನ್ನು ಪಡೆಯಬೇಕು. ಬೆಂಗಳೂರಿನ ಮಕ್ಕಳು ಸೌರಬೇಲಿ ಹಾಕಿಸಿಕೊಡುತ್ತಾರೆ. ಇವೆಲ್ಲ ಬೇಡವೆಂದಲ್ಲ. ಆದರೆ ಇವೆಲ್ಲವೂ ಕಾರ್ಬೆಟ್‌ಗೆ ಕೊಟ್ಟ ರೈಫಲಿನ ಜಾತಿಯ ಕೊಡುಗೆಗಳು. ಕೊಡುವವರೇ ಕುಳಿತಲ್ಲಿಂದ ಆರಿಸಿದವು. ಹಂದಿ ಯಾವ ಕಂಡಿಯಿಂದ ಇಳಿಯುತ್ತದೆ, ಯಾವ ತಿಂಗಳಲ್ಲಿ ಬಿದಿರ ಮೆಳೆ ಬಿಟ್ಟು ಗದ್ದೆಗೆ ಬರುತ್ತದೆ, ಬೇಲಿಯನ್ನು ಎಲ್ಲಿ ಹಾಕಿದರೆ ಪ್ರಯೋಜನ, ಎಲ್ಲಿ ಹಾಕಿದರೆ ದಂಡ ಎಂಬುದನ್ನು ಬಲ್ಲ ಮುದುಕರನ್ನು ಕೇಳಿದವರು ಕಡಿಮೆ.

ಆ ಸಂಜೆ ನಾನು ಮತ್ತೆ ಕೇಳಿದೆ. ಈ ಸಲ ಏನು ತರಲಿ ಎಂದು ಕೇಳಲಿಲ್ಲ, ಬೇಡಿಕೊಳ್ಳಿ ಎಂದೆ. ಮಾವ ನಕ್ಕರು. ಆಮೇಲೆ ಗಂಭೀರವಾಗಿಯೇ ಹೇಳಿದರು: “ಕೊಡುದಾರ್ ಮೂರ್ ರಾತ್ರಿ ಕೊಡ್. ಗದ್ದಿ ಕಾಯುಕ್ ಬಾ.”

ದೀಪಾವಳಿಗೆ ಕೆಲವು ದಿನಗಳಿದ್ದವು, ಭತ್ತ ಹಣ್ಣಾಗುತ್ತಿತ್ತು. ಊಟವೆಲ್ಲ ಮುಗಿದು ಕಾರುಗಳು ಬೆಂಗಳೂರಿಗೆ ಮರಳಿದ ಮೇಲೆ ನಾನೊಬ್ಬ ಉಳಿದೆ. ಗದ್ದೆಯಂಚಿನ ಅಟ್ಟಣೆಯ ಮೇಲೆ ಒಂದು ಕಂಬಳಿ, ಒಂದು ಟಾರ್ಚು, ಬಡಿಯಲು ಒಂದು ತಗಡಿನ ಡಬ್ಬಿ. ಕೋವಿ ತರಲಿಲ್ಲ. ಶಸ್ತ್ರಚಿಕಿತ್ಸೆಯಾದ ಮೇಲೂ ಮಾವನ ಕಣ್ಣು ಇರುಳಿನಲ್ಲಿ ಮಂದ. ಆದರೆ ಅವರಿಗೆ ಕಣ್ಣು ಬೇಕಿರಲಿಲ್ಲ. ಕತ್ತಲಲ್ಲಿ ನನಗೆ ಒಂದೇ ಸದ್ದಾಗಿ ಕೇಳುತ್ತಿದ್ದುದನ್ನು ಅವರು ಬಿಡಿಸಿ ಹೇಳಿದರು: ಇದು ಮುಳ್ಳುಹಂದಿಯ ಮುಳ್ಳಿನ ಸದ್ದು, ಇದು ಪುನುಗಿನ ಬೆಕ್ಕು ಬೈನೆಮರ ಹತ್ತುವುದು, ಇದು ಬರಿಯ ಗಾಳಿ. ಎರಡನೆಯ ರಾತ್ರಿ ಹಂದಿಗಳು ಬಂದವು. ಅವು ತೋಡು ದಾಟುವ ಮೊದಲೇ ಮಾವ ನನ್ನ ಮಂಡಿ ತಟ್ಟಿದ್ದರು. ಡಬ್ಬಿ ಬಡಿದೆ. ತಡವಾಗಿ ಬಡಿದೆ ಎಂದು ಬೈಸಿಕೊಂಡೆ. ಬೆಳಿಗ್ಗೆ ನೋಡಿದರೆ ಒಂದು ಮೂಲೆಯ ಭತ್ತ ನೆಲಕ್ಕೆ ಮಲಗಿತ್ತು.

ಮೂರನೆಯ ರಾತ್ರಿ ನಾನು ಒಂದು ನೋಟ್‌ಪುಸ್ತಕ ಒಯ್ದೆ. ಗದ್ದೆಯಿಂದ ಘಟ್ಟದ ಬುಡದವರೆಗಿನ ಪ್ರತಿಯೊಂದು ತೋಡಿಗೆ, ಬಂಡೆಗೆ, ಪ್ರಾಣಿಗಳು ದಾಟುವ ಪ್ರತಿಯೊಂದು ಕಂಡಿಗೆ ಅವರಲ್ಲಿ ಹೆಸರಿತ್ತು. ಯಾವ ನಕ್ಷೆಯಲ್ಲೂ ನಾನು ಕಾಣದ ಹೆಸರುಗಳು. ಅರವತ್ತೆರಡು ಬರೆದುಕೊಂಡೆ, ಆಮೇಲೆ ಮಾವನಿಗೆ ನಿದ್ದೆ ಬಂತು.

2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಪಂಚಾಯಿತಿಯಲ್ಲೂ ಒಂದು ಸಮಿತಿಯಿದ್ದು, ಊರಿನ ಜನ ಬಲ್ಲ ಗಿಡ, ಪ್ರಾಣಿ, ತಿಳಿವಳಿಕೆಗಳ ದಾಖಲಾತಿ ಮಾಡಬೇಕೆಂಬ ನಿಯಮವಿದೆ. ಕಾಗದ ತುಂಬಿಸುವ ಕೆಲಸವಾಗಿ ಅದನ್ನು ಮುಗಿಸಬಹುದು. ಅಥವಾ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಇಂಥ ಮುದುಕರ ಪಕ್ಕದಲ್ಲಿ ಮೂರು ರಾತ್ರಿ ಕೂರಿಸಬಹುದು. ಬೇಟೆ ನಿಂತದ್ದು ಸರಿ. ಬೇಟೆಯ ಜೊತೆಗೆ ಕಾಡನ್ನು ಕಿವಿಯಿಂದ ಓದುವ ವಿದ್ಯೆಯೂ ನಿಲ್ಲಬೇಕಾಗಿಲ್ಲ. ಅದನ್ನು ಬಲ್ಲವರ ವಯಸ್ಸು ಈಗ ಎಂಬತ್ತರ ಆಸುಪಾಸಿನಲ್ಲಿದೆ. ಆ ವಿದ್ಯೆಯನ್ನು ಪಡೆಯಲು ಯಾರೂ ಬರುವುದಿಲ್ಲ ಎಂಬುದೊಂದೇ ಅವರಿಗಿರುವ ಕೊರತೆ.

ಹೊರಡುವಾಗ ಮಾವ ಅಂಗಳದವರೆಗೆ ಬಂದರು. ಉಡುಗೊರೆ ಹೇಗಿತ್ತು ಎಂದು ಕೇಳಿದೆ. ಇನ್ನೂ ಹೇಳಬೇಕಾದ ಹೆಸರುಗಳು ಉಳಿದಿವೆ, ಸುಗ್ಗಿಗೆ ಬಾ ಎಂದರು.